ಎರಡನೇ ಸಲ ನೋಡಿದಾಗ ಸಿಕ್ಕ ಜ್ವಾಲಾಮುಖಿಗಳು

2025ರ ನವೆಂಬರ್ 24ರ ರಾತ್ರಿ ದಿಲ್ಲಿಯ ನೆತ್ತಿಯ ಮೇಲೆ ಇಥಿಯೋಪಿಯಾದ ಬೂದಿ ಹಾದುಹೋಯಿತು. ಹಿಂದಿನ ದಿನವಷ್ಟೇ ಅಲ್ಲಿನ ಅಫಾರ್ ಪ್ರದೇಶದ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿದಿತ್ತು. ಸುಮಾರು 14 ಕಿಲೋಮೀಟರ್ ಎತ್ತರಕ್ಕೆ ಎದ್ದ ಬೂದಿ ಕೆಂಪು ಸಮುದ್ರ ದಾಟಿ, ಯೆಮೆನ್, ಒಮಾನ್ ಮೇಲೆ ಸಾಗಿ, ಗುಜರಾತ್, ರಾಜಸ್ಥಾನದ ಕಡೆಯಿಂದ ಒಳಗೆ ಬಂತು. ಕೆಲವು ವಿಮಾನಗಳು ರದ್ದಾದವು. ಕಣ್ಣೂರಿನಿಂದ ಅಬುಧಾಬಿಗೆ ಹೊರಟಿದ್ದ ವಿಮಾನವೊಂದು ಅಹಮದಾಬಾದಿನಲ್ಲಿ ಇಳಿಯಿತು. ಬೂದಿ ತುಂಬಾ ಮೇಲಿತ್ತು, ಹಾಗಾಗಿ ಕೆಳಗೆ ಉಸಿರಾಡುವವರಿಗೆ ಅಷ್ಟೇನೂ ತೊಂದರೆಯಾಗಲಿಲ್ಲ. ಆಮೇಲೆ ಅದು ಚೀನಾದ ಕಡೆ ಹೋಯಿತು. ಸುದ್ದಿಯೂ ಅದರ ಜೊತೆಗೇ ಹೋಯಿತು.

ಆ ಎರಡು ದಿನ ಎಲ್ಲ ಕಡೆ ಒಂದೇ ತಲೆಬರಹ: 12 ಸಾವಿರ ವರ್ಷ ಮಲಗಿದ್ದ ಜ್ವಾಲಾಮುಖಿ ಎದ್ದಿತು. ಕೇಳಲು ಚೆನ್ನಾಗಿದೆ, ಆದರೆ ಅಷ್ಟು ಗಟ್ಟಿಯಾದ ಮಾತಲ್ಲ. ಜಗತ್ತಿನ ಜ್ವಾಲಾಮುಖಿಗಳ ಲೆಕ್ಕ ಇಡುವ ಸ್ಮಿತ್ಸೋನಿಯನ್ ಸಂಸ್ಥೆಯ ಪಟ್ಟಿ ಸುಮಾರು 12,000 ವರ್ಷ ಹಿಂದಕ್ಕೆ ಹೋಗುತ್ತದೆ. ಅದರಲ್ಲಿ ಹೈಲಿ ಗುಬ್ಬಿ ಸಿಡಿದ ದಾಖಲೆ ಇರಲಿಲ್ಲ, ಅಷ್ಟೇ. ದಾಖಲೆ ಇಲ್ಲ ಅಂದಮಾತ್ರಕ್ಕೆ ಸಿಡಿದೇ ಇಲ್ಲ ಅಂತೇನಿಲ್ಲ, ಅಲ್ವಾ? ಅಫಾರ್ ಭೂಮಿಯ ಅತಿ ಬಿಸಿಯಾದ ಜಾಗಗಳಲ್ಲಿ ಒಂದು. ಉಪ್ಪಿನ ಬಯಲು, ಕಪ್ಪು ಬಂಡೆ, ಮೇಕೆ-ಒಂಟೆ ಮೇಯಿಸುವ ಜನ. ಅಲ್ಲಿಗೆ ಹೋಗಿ ಕಲ್ಲು ಒಡೆದು ಅದರ ವಯಸ್ಸು ಲೆಕ್ಕ ಹಾಕಿದವರು ಕಡಿಮೆ. ಅದೇ ವರ್ಷ ಜುಲೈನಲ್ಲಿ ಪಕ್ಕದ ಅರ್ಟಾ ಆಲೆ ಜ್ವಾಲಾಮುಖಿ ಸಿಡಿದಾಗ, ಕರಗಿದ ಕಲ್ಲು ನೆಲದಡಿಯಲ್ಲೇ ಹೈಲಿ ಗುಬ್ಬಿಯ ಕಡೆಗೆ ನುಗ್ಗಿದ್ದು ಉಪಗ್ರಹದ ರಾಡಾರ್‌ಗೆ ಕಂಡಿತ್ತು. ಸುಳಿವು ಇತ್ತು. ಅಲ್ಲಿ ಕೂತು ಕಾಯುವವರು ಇರಲಿಲ್ಲ.

ಒಂದು ಜ್ವಾಲಾಮುಖಿ ಬದುಕಿದೆಯೋ ಸತ್ತಿದೆಯೋ ಎಂಬ ತೀರ್ಪಿನಲ್ಲಿ ಅದರ ಒಡಲಲ್ಲಿ ಏನು ನಡೆಯುತ್ತಿದೆ ಅನ್ನುವುದು ಅರ್ಧ ಪಾಲು. ಉಳಿದರ್ಧ, ನಾವು ಎಷ್ಟು ಹೊತ್ತು ನೋಡಿದೆವು, ಎಷ್ಟು ಸಲ ಮರಳಿ ನೋಡಿದೆವು ಎಂಬುದು. ಬೇರೆ ಗ್ರಹಗಳಲ್ಲಿ ಜ್ವಾಲಾಮುಖಿ ಇದೆ, ಬುಗ್ಗೆ ಇದೆ ಎಂಬ ಸುದ್ದಿ ಈಗ ಆಗಾಗ ಬರುತ್ತಿರುತ್ತದೆ. ಅದರ ಹಿಂದೆ ಸಾವಿರಾರು ಕೋಟಿಯ ಯೋಜನೆಗಳಿವೆ, ಬೆಂಗಳೂರಿನ ಇಸ್ರೋದ್ದೂ ಒಂದಿದೆ. ಆ ಸುದ್ದಿಗಳನ್ನು ಓದುವಾಗ ಈ ಉಳಿದರ್ಧವನ್ನು ಮರೆಯಬಾರದು ಅನ್ನುವುದು ನನ್ನ ವಾದ.

ಮೊದಲು ನಮ್ಮ ಭೂಮಿಯ ಲೆಕ್ಕ. ಮುಂದೆಂದಾದರೂ ಸಿಡಿಯಬಲ್ಲ ಜ್ವಾಲಾಮುಖಿಗಳು ಸುಮಾರು 1,350. ಸಮುದ್ರದ ತಳದ ಉದ್ದನೆಯ ಸಾಲುಗಳು ಈ ಲೆಕ್ಕದಲ್ಲಿಲ್ಲ. ಯಾವ ದಿನ ನೋಡಿದರೂ 40-50 ಒಂದಲ್ಲ ಒಂದು ಬಗೆಯಲ್ಲಿ ಉಗುಳುತ್ತಿರುತ್ತವೆ. ಇವುಗಳಲ್ಲಿ ನೆಲದ ಮೇಲೆ ಉಪಕರಣ ಇಟ್ಟು ಸರಿಯಾಗಿ ಕಾಯುತ್ತಿರುವುದು ಅರ್ಧಕ್ಕಿಂತ ಕಡಿಮೆ. ನಮ್ಮ ದೇಶದಲ್ಲಿ ಬದುಕಿರುವುದು ಒಂದೇ, ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ಅದರ ಕತೆಯೂ ಹೀಗೇ. 1787ರಲ್ಲಿ ಸಿಡಿದದ್ದು ದಾಖಲಾಯಿತು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ತಣ್ಣಗಾಯಿತು. ಇನ್ನು ಮುಗಿಯಿತು ಅಂದುಕೊಂಡಿದ್ದಾಗ 1991ರಲ್ಲಿ ಮತ್ತೆ ಎದ್ದಿತು. 2025ರ ಸೆಪ್ಟೆಂಬರ್‌ನಲ್ಲೂ ಹೊಗೆಯುಗುಳಿತು. ಕರ್ನಾಟಕದಲ್ಲಿ ಉಳಿದಿರುವುದು ಹಳೆಯ ಗುರುತು ಮಾತ್ರ: ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಎರೆಮಣ್ಣಿನ ಕೆಳಗಿರುವ ಸುಮಾರು 6.6 ಕೋಟಿ ವರ್ಷದ ಲಾವಾ ಕಲ್ಲು, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು. ಇವೆರಡೂ ನಿಜಕ್ಕೂ ಸತ್ತವು, ಹೆದರಬೇಕಿಲ್ಲ.

ಮುಂದಿನದನ್ನು ಮಾತ್ರ ಹೇಳುವ ಬುಗ್ಗೆ

ಹೆಚ್ಚು ಹೊತ್ತು ನೋಡಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಅಮೆರಿಕದ ಯೆಲ್ಲೋಸ್ಟೋನ್‌ನ ಓಲ್ಡ್ ಫೇತ್‌ಫುಲ್ ಬುಗ್ಗೆ ಒಳ್ಳೆಯ ಉದಾಹರಣೆ. ಜಗತ್ತಿನಲ್ಲಿ ಹೀಗೆ ಚಿಮ್ಮುವ ಬಿಸಿನೀರಿನ ಬುಗ್ಗೆಗಳು ಸುಮಾರು ಸಾವಿರ ಇವೆ. ಅದರಲ್ಲಿ ಅರ್ಧ ಅಲ್ಲೇ ಇವೆ.

ಬಿಸಿನೀರಿನ ಊಟೆ ಸುಮ್ನೆ ಹರಿಯುತ್ತದೆ. ಅದು ಚಿಮ್ಮಬೇಕಾದರೆ ನೀರು, ಕಾವು ಎರಡೂ ಸಾಲದು, ಇಕ್ಕಟ್ಟಾದ ಕೊಳವೆಯೂ ಬೇಕು. ಓಲ್ಡ್ ಫೇತ್‌ಫುಲ್‌ನ ಬಾಯೊಳಗೆ ವಿಜ್ಞಾನಿಗಳು ಕ್ಯಾಮೆರಾ ಇಳಿಬಿಟ್ಟು ನೋಡಿದ್ದಾರೆ. ಸುಮಾರು 7 ಮೀಟರ್ ಆಳದಲ್ಲಿ ಬಿರುಕು ಬರೀ 11 ಸೆಂಟಿಮೀಟರ್ ಅಗಲ. ಒಂದು ಗೇಣೂ ಇಲ್ಲ. ಅದರ ಕೆಳಗಿನ ನೀರಿನ ಮೇಲೆ ಮೇಲಿನ ನೀರಿನ ಭಾರ ಕೂತಿರುತ್ತದೆ. ಭಾರ ಇದ್ದಷ್ಟು ನೀರು ಕುದಿಯಲು ಹೆಚ್ಚು ಕಾವು ಬೇಕು. ಹಾಗಾಗಿ ಅದು ಮೇಲಿದ್ದರೆ ಕುದಿಯುತ್ತಿದ್ದ ಮಟ್ಟವನ್ನೂ ದಾಟಿ, ಕುದಿಯದೆ ಕಾಯುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಮೇಲಿನ ಸ್ವಲ್ಪ ನೀರು ಉಕ್ಕಿ ಹೊರಗೆ ಚೆಲ್ಲುತ್ತದೆ. ಭಾರ ಇಳಿಯಿತು. ಕೆಳಗಿನದು ಒಮ್ಮೆಗೇ ಆವಿಯಾಗುತ್ತದೆ. ಆವಿಗೆ ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಜಾಗ ಬೇಕು, ಇರುವುದೋ ಗೇಣಿಲ್ಲದ ಸಂದಿ. 30ರಿಂದ 55 ಮೀಟರ್ ಎತ್ತರದ ನೀರಿನ ಕಂಬ ಏಳುತ್ತದೆ.

1870ರಲ್ಲಿ ಅಲ್ಲಿಗೆ ಬಂದ ವಾಶ್‌ಬರ್ನ್ ತಂಡ ಅದು ಹೊತ್ತಿಗೆ ಸರಿಯಾಗಿ ಚಿಮ್ಮುವುದನ್ನು ಕಂಡು, ಹಳೆಯ ನಂಬಿಗಸ್ತ ಎಂಬ ಅರ್ಥದ ಆ ಹೆಸರಿಟ್ಟಿತು. ಅಂದಿನಿಂದ ಜನ ಗಡಿಯಾರ ಹಿಡಿದು ನೋಡುತ್ತಲೇ ಇದ್ದಾರೆ. ಅದರಿಂದ ಗೊತ್ತಾದದ್ದು ಹೀಗೆ: ಈ ಸಲ ಎರಡೂವರೆ ನಿಮಿಷಕ್ಕಿಂತ ಕಡಿಮೆ ಚಿಮ್ಮಿದರೆ, ಮುಂದಿನದು ಒಂದು ಗಂಟೆಯ ಆಸುಪಾಸಿನಲ್ಲಿ. ಜಾಸ್ತಿ ಹೊತ್ತು ಚಿಮ್ಮಿದರೆ ಕೊಳವೆ ಹೆಚ್ಚು ಖಾಲಿಯಾಗಿರುತ್ತದೆ, ತುಂಬಿಕೊಳ್ಳಲು ಒಂದೂವರೆ ಗಂಟೆ ಬೇಕು. ಉದ್ಯಾನದವರು ಬೋರ್ಡಿನ ಮೇಲೆ ಬರೆಯುವುದು ಮುಂದಿನ ಒಂದರ ಸಮಯವನ್ನು ಮಾತ್ರ. ಅದರಾಚೆಯದನ್ನು ಅವರೂ ಹೇಳುವುದಿಲ್ಲ.

ಇನ್ನೂ ಹಿಂದಕ್ಕೆ ನೋಡಿದರೆ ಆ ನಂಬಿಕೆಯೂ ಅಲ್ಲಾಡುತ್ತದೆ. 1959 ಮತ್ತು 1983ರ ಭೂಕಂಪಗಳ ನಂತರ ಚಿಮ್ಮುವಿಕೆಗಳ ನಡುವಿನ ಬಿಡುವು ಉದ್ದವಾಯಿತು. ಬುಗ್ಗೆಯ ದಿಬ್ಬದ ಮೇಲೆ ಕಲ್ಲಾಗಿ ಹೋದ ಮರದ ತುಂಡುಗಳು ಬಿದ್ದಿವೆ. ಸದಾ ಕುದಿನೀರು ಬೀಳುವ ಕಡೆ ಮರ ಬೆಳೆಯುವುದು ಹೇಗೆ? 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಮರಗಳ ವಯಸ್ಸು ಕಂಡುಹಿಡಿಯಿತು. ಅವು 1233ರಿಂದ 1362ರ ನಡುವೆ ಬೆಳೆದವು. ಅದು ಆ ಭಾಗದಲ್ಲಿ ಘೋರ ಬರಗಾಲದ ಕಾಲ. ನೆಲದೊಳಗೆ ನೀರಿಳಿಯದೆ ಬುಗ್ಗೆ ದಶಕಗಳ ಕಾಲ ನಿಂತುಹೋಗಿತ್ತು. ಹದಿಮೂರನೇ ಶತಮಾನದಲ್ಲಿ ಯಾರಾದರೂ ಅಲ್ಲಿ ಬಂದು ನೋಡಿದ್ದರೆ, ಇಲ್ಲಿ ಬುಗ್ಗೆಯೇ ಇಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದರು.

ಹಾಗಂತ ನೋಡಿದರೆ ಎಲ್ಲವೂ ಗೊತ್ತಾಗುತ್ತದೆ ಎಂದೇನೂ ಇಲ್ಲ. ಓಲ್ಡ್ ಫೇತ್‌ಫುಲ್‌ನಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ಬಿಸ್ಕಿಟ್ ಬೇಸಿನ್‌ನಲ್ಲಿ 2024ರ ಜುಲೈ 23ರ ಬೆಳಿಗ್ಗೆ, ಪ್ರವಾಸಿಗರು ನಡೆದಾಡುತ್ತಿದ್ದಾಗಲೇ ಒಂದು ಕೊಳ ಸಿಡಿದು ಕಪ್ಪು ಕೆಸರು, ಕಲ್ಲು ಆಕಾಶಕ್ಕೆ ಹಾರಿತು. ನಡೆದಾಡುವ ಹಲಗೆ ದಾರಿ ಪುಡಿಯಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೃಷ್ಟ. ಜಗತ್ತಿನಲ್ಲೇ ಅತಿ ಹೆಚ್ಚು ಉಪಕರಣಗಳಿರುವ ಜ್ವಾಲಾಮುಖಿ ಪ್ರದೇಶಗಳಲ್ಲಿ ಅದೂ ಒಂದು. ಆದರೂ ಮುನ್ಸೂಚನೆ ಸಿಗಲಿಲ್ಲ. ಕೆಲವೇ ಅಡಿ ಆಳದ ಆವಿಯ ಆಟಕ್ಕೆ ಅಲ್ಲೇ ಪಕ್ಕದಲ್ಲಿ ಉಪಕರಣ ಇರಬೇಕಾಗುತ್ತದೆ. ನ್ಯೂಜಿಲೆಂಡಿನ ಫಾಕಾರಿ ದ್ವೀಪದಲ್ಲಿ ಇದಕ್ಕೆ ತಿರುಗುಮುರುಗು. 2019ರ ನವೆಂಬರ್ 18ರಂದೇ ಎಚ್ಚರಿಕೆಯ ಮಟ್ಟ ಏರಿಸಿದ್ದರು. ಡಿಸೆಂಬರ್ 9ರಂದು ಅದು ಸಿಡಿದಾಗ ದ್ವೀಪದ ಮೇಲೆ 47 ಜನ ಇದ್ದರು. 22 ಜನ ಸತ್ತರು. ಕಂಡದ್ದನ್ನು ಇಟ್ಟುಕೊಂಡು ಏನು ಮಾಡುತ್ತೇವೆ ಎಂಬುದು ಬೇರೆಯೇ ಪ್ರಶ್ನೆ.

ಬೆಂಕಿಯ ಚಂದ್ರ, ಹಿಮದ ಚಂದ್ರ

ಬೇರೆ ಲೋಕದಲ್ಲಿ ಸಿಡಿಯುತ್ತಿರುವ ಮೊದಲ ಜ್ವಾಲಾಮುಖಿ ಸಿಕ್ಕಿದ್ದು ಅದನ್ನು ಹುಡುಕದವರಿಗೆ. 1979ರ ಮಾರ್ಚ್ 5ರಂದು ವಾಯೇಜರ್ 1 ನೌಕೆ ಗುರುಗ್ರಹವನ್ನು ದಾಟಿತು. ಮೂರು ದಿನದ ನಂತರ ಅದು ಹಿಂತಿರುಗಿ ತೆಗೆದ ಒಂದು ಚಿತ್ರವನ್ನು ಲಿಂಡಾ ಮೊರಾಬಿಟೊ ಎಂಬ ಎಂಜಿನಿಯರ್ ನೋಡುತ್ತಿದ್ದರು. ನೌಕೆ ಎಲ್ಲಿದೆ ಎಂದು ನಕ್ಷತ್ರ ನೋಡಿ ಲೆಕ್ಕ ಹಾಕುವುದು ಅವರ ಕೆಲಸ. ಮಂಕಾದ ನಕ್ಷತ್ರ ಕಾಣಲೆಂದು ಚಿತ್ರದ ಬೆಳಕು ಹೆಚ್ಚಿಸಿದಾಗ, ಅಯೋ ಎಂಬ ಚಂದ್ರನ ಅಂಚಿನಲ್ಲಿ ದೊಡ್ಡ ಕೊಡೆಯಾಕಾರದ ಮೋಡ ಕಂಡಿತು. ಸುಮಾರು 300 ಕಿಲೋಮೀಟರ್ ಎತ್ತರದ ಗಂಧಕದ ಚಿಲುಮೆ. ತಮಾಷೆಯೆಂದರೆ, ಅಯೋದ ಒಳಗು ಕರಗಿರಬೇಕು ಎಂದು ಲೆಕ್ಕ ಹಾಕಿ ಹೇಳಿದ ಲೇಖನ ಅದಕ್ಕೆ ಆರು ದಿನ ಮುಂಚೆ, ಮಾರ್ಚ್ 2ರಂದು, ಪ್ರಕಟವಾಗಿತ್ತು. ಬರೆದವರು ಪೀಲ್, ಕ್ಯಾಸನ್ ಮತ್ತು ರೆನಾಲ್ಡ್ಸ್.

ಅಯೋ ನಮ್ಮ ಚಂದ್ರನಿಗಿಂತ ಚೂರು ದೊಡ್ಡದು. ನಮ್ಮದು ತಣ್ಣಗಾಗಿ ಯಾವುದೋ ಕಾಲವಾಯಿತು. ಅಯೋ ಯಾಕೆ ಕುದಿಯುತ್ತಿದೆ? ಸೆಂಟ್ರಿಂಗ್ ಕೆಲಸದವರು ಬೈಂಡಿಂಗ್ ವೈರನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವಾಗ, ಬಗ್ಗಿದ ಜಾಗ ಬೆರಳು ಸುಡುವಷ್ಟು ಬಿಸಿಯಾಗುತ್ತದೆ. ಅಯೋಗೆ ಆಗುವುದೂ ಅದೇ. ಅದು ಗುರುವನ್ನು ನಾಲ್ಕು ಸುತ್ತು ಹಾಕುವಷ್ಟರಲ್ಲಿ ಪಕ್ಕದ ಚಂದ್ರಗಳಾದ ಯುರೋಪಾ ಎರಡು, ಗ್ಯಾನಿಮೀಡ್ ಒಂದು ಸುತ್ತು ಹಾಕುತ್ತವೆ. ಈ ತಾಳ ತಪ್ಪದ ಎಳೆತ ಅಯೋದ ದಾರಿಯನ್ನು ಪೂರ್ತಿ ದುಂಡಗಾಗಲು ಬಿಡುವುದೇ ಇಲ್ಲ. ಒಮ್ಮೆ ಗುರುವಿಗೆ ಹತ್ತಿರ, ಒಮ್ಮೆ ದೂರ. ಅದರ ನೆಲ ಸುಮಾರು 100 ಮೀಟರ್ ಉಬ್ಬಿ ಇಳಿಯುತ್ತದೆ. ನೆನಪಿಡಿ, ಇದು ನೀರಲ್ಲ, ಕಲ್ಲು.

ಅಯೋದಲ್ಲಿ ಈಗ ಸುಮಾರು 400 ಜ್ವಾಲಾಮುಖಿಗಳು ಬದುಕಿವೆ ಎಂದು ಲೆಕ್ಕ. ಜುನೋ ನೌಕೆ 2023ರ ಕೊನೆಯಲ್ಲಿ ಮತ್ತು 2024ರ ಫೆಬ್ರವರಿಯಲ್ಲಿ ಅದರ 1,500 ಕಿಲೋಮೀಟರ್ ಹತ್ತಿರ ಹೋಗಿ ಬಂತು. 2024ರ ಡಿಸೆಂಬರ್ 27ರಂದು ದೂರದಿಂದ ನೋಡಿದಾಗ ಅಲ್ಲಿನ ದಕ್ಷಿಣಾರ್ಧದಲ್ಲಿ ಒಂದು ಲಕ್ಷ ಚದರ ಕಿಲೋಮೀಟರ್ ಜಾಗ ಒಟ್ಟಿಗೇ ಉರಿಯುತ್ತಿತ್ತು. ಕರ್ನಾಟಕದ ಅರ್ಧಕ್ಕಿಂತ ಹೆಚ್ಚು. ಹೊಮ್ಮುತ್ತಿದ್ದ ಶಕ್ತಿ 80 ಲಕ್ಷ ಕೋಟಿ ವ್ಯಾಟ್‌ಗಿಂತ ಜಾಸ್ತಿ. ಅದೇ ಜಾಗವನ್ನು ಜುನೋ ಮೊದಲೂ ನೋಡಿತ್ತು, ಆಗ ಹೀಗಿರಲಿಲ್ಲ. ಮತ್ತೆ ಮತ್ತೆ ಹೋಗಿದ್ದರಿಂದಲೇ ಇನ್ನೊಂದು ಹಳೆಯ ನಂಬಿಕೆಯೂ ಬಿತ್ತು. ಅಯೋದ ಚಿಪ್ಪಿನ ಅಡಿಯಲ್ಲೇ ಇಡೀ ಚಂದ್ರನನ್ನು ಸುತ್ತುವರಿದ ಕರಗಿದ ಕಲ್ಲಿನ ಸಾಗರ ಇರಬಹುದು ಎಂಬ ಊಹೆ ಇತ್ತು. ಜುನೋ ಅಳೆದ ಗುರುತ್ವದ ಲೆಕ್ಕ ಅದಕ್ಕೆ ಹೊಂದಲಿಲ್ಲ.

ಶನಿಯ ಎನ್ಸೆಲಡಸ್‌ನ ಕತೆ ಇದಕ್ಕಿಂತ ಸ್ವಾರಸ್ಯ. ಬರೀ 500 ಕಿಲೋಮೀಟರ್ ಅಡ್ಡಳತೆಯ ಹಿಮದ ಉಂಡೆ ಅದು. ಬೆಂಗಳೂರಿನಿಂದ ಬೀದರ್‌ಗೆ ಹೋಗುವಷ್ಟು ದೂರವೂ ಇಲ್ಲ. ಇಷ್ಟು ಪುಟ್ಟದರಲ್ಲಿ ಕಾವು ಉಳಿದಿರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. 2005ರ ಆರಂಭದಲ್ಲಿ ಕ್ಯಾಸಿನಿ ನೌಕೆ ಪಕ್ಕದಲ್ಲಿ ಹಾದಾಗ, ಮಿಶೆಲ್ ಡೊಹರ್ಟಿ ಅವರ ತಂಡದ ಕಾಂತಮಾಪಕ ಒಂದು ವಿಚಿತ್ರ ತೋರಿಸಿತು. ಶನಿಯ ಕಾಂತಕ್ಷೇತ್ರದ ಗೆರೆಗಳು ಆ ಚಂದ್ರನ ಬಳಿ ಬಾಗುತ್ತಿದ್ದವು, ಅಲ್ಲೇನೋ ಗಾಳಿಯಂಥದ್ದು ಅಡ್ಡ ಇದೆ ಎನ್ನುವ ಹಾಗೆ. ಅವರು ಪಟ್ಟು ಹಿಡಿದು, ಮುಂದಿನ ಸಲ ಇನ್ನೂ ಹತ್ತಿರ ಹೋಗೋಣ ಎಂದು ಒಪ್ಪಿಸಿದರು. ಜುಲೈನಲ್ಲಿ ನೌಕೆ ಸುಮಾರು 170 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು. ದಕ್ಷಿಣ ಧ್ರುವದಲ್ಲಿ ನಾಲ್ಕು ಉದ್ದನೆಯ ಬಿರುಕು, ಸುತ್ತಲಿಗಿಂತ ಬೆಚ್ಚಗೆ. ಅವುಗಳಿಂದ ಹಿಮದ ಕಣ, ನೀರಾವಿ ಹೊರಗೆ ಚಿಮ್ಮುತ್ತಿದ್ದವು.

ಇದನ್ನೂ ಓಲ್ಡ್ ಫೇತ್‌ಫುಲ್ ಥರದ್ದೇ ಅಂದುಕೊಳ್ಳುವುದು ತಪ್ಪು. ಎನ್ಸೆಲಡಸ್‌ಗೆ ವಾತಾವರಣ ಇಲ್ಲವೆಂದೇ ಹೇಳಬೇಕು. ಹೊರಗೆ ಒತ್ತಡವೇ ಇಲ್ಲದಾಗ ಸೊನ್ನೆ ಡಿಗ್ರಿಯ ನೀರೂ ಕುದಿಯುತ್ತದೆ. ಬಿರುಕಿನೊಳಗೆ ಏರಿಬಂದ ತಣ್ಣೀರೇ ಆವಿಯಾಗಿ ಹಾರುತ್ತದೆ, ಹನಿಗಳು ಹೆಪ್ಪುಗಟ್ಟುತ್ತವೆ. ಬಿಸಿ ಇರುವುದು ಅದರ ಕೆಳಗೆ, ಹಿಮದ ಚಿಪ್ಪಿನಡಿಯ ಸಮುದ್ರದ ತಳದಲ್ಲಿ. ಚಿಮ್ಮಿದ ಕಣಗಳ ಜೊತೆ ಸಿಕ್ಕ ತೀರಾ ಸಣ್ಣ ಸಿಲಿಕಾ ಪುಡಿ ಅದರ ಗುರುತು. ಅಂಥ ಪುಡಿ ಆಗಬೇಕಾದರೆ ಅಲ್ಲಿನ ನೀರು 90 ಡಿಗ್ರಿಯಾದರೂ ಇರಬೇಕು ಎಂದು 2015ರಲ್ಲಿ ಲೆಕ್ಕ ಹಾಕಿದರು. 2017ರಲ್ಲಿ ಜಲಜನಕ, 2023ರಲ್ಲಿ ಫಾಸ್ಫೇಟ್ ಇರುವುದು ಖಚಿತವಾಯಿತು. ಇಳಿಯದೆ, ಕೊರೆಯದೆ, ಸಮುದ್ರದ ಸ್ಯಾಂಪಲ್ ತಾನಾಗಿ ಆಕಾಶಕ್ಕೆ ಬರುತ್ತಿದೆ.

ಕ್ಯಾಸಿನಿ ಶನಿಯ ಬಳಿ ಇದ್ದದ್ದು 13 ವರ್ಷ. ಒಂದೇ ಸಲ ಹಾದುಹೋಗಿದ್ದರೆ ಎಂದಿಗೂ ಸಿಗದಿದ್ದ ಒಂದು ಸಂಗತಿ ಆ 13 ವರ್ಷದಲ್ಲಿ ಸಿಕ್ಕಿತು. ಎನ್ಸೆಲಡಸ್ ಶನಿಯನ್ನು 33 ಗಂಟೆಗೆ ಒಂದು ಸುತ್ತು ಹಾಕುತ್ತದೆ. ಅದು ಶನಿಯಿಂದ ಅತಿ ದೂರ ಇರುವಾಗ ಚಿಮ್ಮುವಿಕೆ ಹಲವು ಪಟ್ಟು ಜೋರು. ಹತ್ತಿರ ಬಂದಾಗ ಇಳಿಯುತ್ತದೆ. ಬಿರುಕುಗಳ ಬಾಯಿ ಎಳೆತಕ್ಕೆ ತಕ್ಕಂತೆ ಬಿಚ್ಚಿ ಮುಚ್ಚುತ್ತಿದೆ ಎಂದಾಯಿತು. ಹಾಗಾದರೆ ಕಾವು ಎಲ್ಲಿಂದ ಎಂಬ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿತು.

ಹಳೆಯ ದಾಖಲೆಯನ್ನು ಮತ್ತೆ ತೆರೆದು ನೋಡುವುದೂ ಎರಡನೇ ನೋಟವೇ. 2008ರ ಅಕ್ಟೋಬರ್‌ನಲ್ಲಿ ಕ್ಯಾಸಿನಿ ಸೆಕೆಂಡಿಗೆ 18 ಕಿಲೋಮೀಟರ್ ವೇಗದಲ್ಲಿ ಆ ಚಿಲುಮೆಯೊಳಗೆ ನುಗ್ಗಿತ್ತು. ಆಗಷ್ಟೇ ಹೊರಬಂದ ಕಣಗಳು ಅದರ ಉಪಕರಣಕ್ಕೆ ಬಡಿದಿದ್ದವು. ಆ ದಾಖಲೆಯನ್ನು ಕೆದಕಿ ತೆಗೆದ ಫಲಿತಾಂಶ ಬಂದದ್ದು 2025ರಲ್ಲಿ: ತಾಜಾ ಕಣಗಳಲ್ಲೇ ಸಂಕೀರ್ಣ ಇಂಗಾಲದ ಅಣುಗಳಿವೆ. ಅದೇ ವರ್ಷ ಇನ್ನೊಂದು ತಂಡ ಪ್ರಯೋಗ ಮಾಡಿ, ಇಂಥ ಕೆಲವು ಅಣುಗಳು ಸಮುದ್ರದ ಸಹಾಯವಿಲ್ಲದೆ, ಹಿಮದ ಮೇಲೆ ವಿಕಿರಣ ಬಿದ್ದರೂ ಹುಟ್ಟಬಲ್ಲವು ಎಂದು ತೋರಿಸಿತು. ಜೀವ ಸಿಕ್ಕೇಬಿಟ್ಟಿತು ಎನ್ನುವ ತಲೆಬರಹಗಳನ್ನು ಇವೆರಡನ್ನೂ ಜೊತೆಗಿಟ್ಟು ಓದಬೇಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ತಜ್ಞರು 2024ರಲ್ಲಿ ತಮ್ಮ ಮುಂದಿನ ದೊಡ್ಡ ಯೋಜನೆಗೆ ಎನ್ಸೆಲಡಸ್ ಅನ್ನೇ ಮೊದಲ ಆಯ್ಕೆ ಮಾಡಿದ್ದಾರೆ. ಅಲ್ಲಿಗೆ ನೌಕೆ ಮುಟ್ಟುವುದು 2050ರ ದಶಕದಲ್ಲಿ.

ಇದಕ್ಕೆ ಎದುರಾಗಿ ಯುರೋಪಾವನ್ನು ನೋಡಿ. 2012ರಲ್ಲಿ ಹಬಲ್ ದೂರದರ್ಶಕಕ್ಕೆ ಅಲ್ಲಿ ನೀರಾವಿ ಚಿಮ್ಮಿದಂತೆ ಕಂಡಿತು. 1997ರ ಗೆಲಿಲಿಯೋ ನೌಕೆಯ ದಾಖಲೆಯಲ್ಲೂ ಹಾಗೆಯೇ ಕಾಣುತ್ತಿದೆ ಎಂದು 2018ರಲ್ಲಿ ಒಂದು ತಂಡ ಹೇಳಿತು. ಆಮೇಲೆ ಎಷ್ಟೋ ಸಲ ಹುಡುಕಿದರೂ ಗಟ್ಟಿಯಾದ ಸಾಕ್ಷಿ ಸಿಗಲಿಲ್ಲ. ಜೇಮ್ಸ್ ವೆಬ್ ದೂರದರ್ಶಕಕ್ಕೂ ಚಿಲುಮೆ ಕಾಣಲಿಲ್ಲ. ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. 2024ರ ಅಕ್ಟೋಬರ್ 14ರಂದು ಹೊರಟ ಯುರೋಪಾ ಕ್ಲಿಪ್ಪರ್ 2030ರಲ್ಲಿ ಗುರುವನ್ನು ತಲುಪಿ, ಯುರೋಪಾದ ಹತ್ತಿರ 49 ಸಲ ಹಾದುಹೋಗಲಿದೆ. ನೆಪ್ಚೂನಿನ ಟ್ರೈಟಾನ್‌ಗೆ ಆ ಭಾಗ್ಯವೂ ಇಲ್ಲ. 1989ರಲ್ಲಿ ವಾಯೇಜರ್ 2 ಅಲ್ಲಿ 8 ಕಿಲೋಮೀಟರ್ ಎತ್ತರದ ಕಪ್ಪು ಚಿಲುಮೆ ಕಂಡಿತು. ಅಲ್ಲಿಗೆ ಮತ್ತೆ ಯಾರೂ ಹೋಗಿಲ್ಲ.

ಶುಕ್ರನ ಸರದಿ

ಶುಕ್ರ ಹೆಚ್ಚುಕಡಿಮೆ ಭೂಮಿಯಷ್ಟೇ ದೊಡ್ಡದು. ಮೇಲೆಲ್ಲ ಜ್ವಾಲಾಮುಖಿ ಬೆಟ್ಟಗಳು. ಆದರೆ ದಟ್ಟ ಮೋಡದಿಂದ ನೆಲ ಕಾಣುವುದಿಲ್ಲ, ರಾಡಾರ್ ಬೇಕು. 1990ರಿಂದ ಮ್ಯಾಗೆಲನ್ ನೌಕೆ ರಾಡಾರ್ ಚಿತ್ರ ತೆಗೆಯಿತು. ಅವು ಬದುಕಿವೆಯೋ ಇಲ್ಲವೋ ಎಂಬ ವಾದ ಆಮೇಲೆ ಮೂವತ್ತು ವರ್ಷ ನಡೆಯಿತು. ಉತ್ತರ ಅದೇ ಚಿತ್ರಗಳಲ್ಲೇ ಇತ್ತು. ಮಾಟ್ ಮಾನ್ಸ್ ಎಂಬ ಬೆಟ್ಟದ ಬಳಿಯ ಒಂದು ಬಾಯಿಯನ್ನು ಮ್ಯಾಗೆಲನ್ 1991ರಲ್ಲೇ ಎಂಟು ತಿಂಗಳ ಅಂತರದಲ್ಲಿ ಎರಡು ಸಲ ಚಿತ್ರಿಸಿತ್ತು. ಫೆಬ್ರವರಿಯಲ್ಲಿ ಅದು ದುಂಡಗೆ, ಸುಮಾರು 2.2 ಚದರ ಕಿಲೋಮೀಟರ್. ಅಕ್ಟೋಬರ್‌ನಲ್ಲಿ ಆಕಾರ ಕೆಟ್ಟು 4 ಚದರ ಕಿಲೋಮೀಟರ್ ಆಗಿತ್ತು. ರಾಬರ್ಟ್ ಹೆರಿಕ್ ಮತ್ತು ಸ್ಕಾಟ್ ಹೆನ್ಸ್ಲಿ ಇದನ್ನು 2023ರಲ್ಲಿ ತೋರಿಸಿದರು. ಎರಡು ಚಿತ್ರಗಳನ್ನು ಎದುರುಬದುರು ದಿಕ್ಕಿನಿಂದ ತೆಗೆದಿದ್ದರಿಂದ ಪಕ್ಕದಲ್ಲಿಟ್ಟು ಹೋಲಿಸುವುದು ಸುಲಭವಿರಲಿಲ್ಲ. ವ್ಯತ್ಯಾಸ ಬರೀ ನೋಡಿದ ಕೋನದ್ದಲ್ಲ ಎಂದು ಖಚಿತಪಡಿಸಲು ಕಂಪ್ಯೂಟರಿನಲ್ಲಿ ಬೇರೆ ಬೇರೆ ಆಕಾರ ಕೊಟ್ಟು ಪರೀಕ್ಷೆ ಮಾಡಬೇಕಾಯಿತು. 2024ರಲ್ಲಿ ಇಟಲಿಯ ತಂಡವೊಂದು ಅದೇ ದಾಖಲೆಯಲ್ಲಿ ಇನ್ನೆರಡು ಕಡೆ ಹೊಸ ಲಾವಾ ಹರಿದ ಗುರುತು ಕಂಡುಹಿಡಿಯಿತು.

ಇಷ್ಟೆಲ್ಲ ಗೊತ್ತಾದ ಹೊತ್ತಿಗೆ ಶುಕ್ರನ ಸುತ್ತ ನೋಡಲು ಯಾರೂ ಇಲ್ಲ. ಅಲ್ಲಿದ್ದ ಕೊನೆಯ ನೌಕೆ, ಜಪಾನಿನ ಅಕಾತ್ಸುಕಿ, 2024ರ ಏಪ್ರಿಲ್‌ನಲ್ಲಿ ಮಾತು ನಿಲ್ಲಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಮುಗಿಯಿತೆಂದು ಘೋಷಿಸಿದರು. ನಾಸಾ 2021ರಲ್ಲಿ ಆರಿಸಿದ್ದ ವೆರಿಟಾಸ್ ಮತ್ತು ಡಾವಿಂಚಿ ಎಂಬ ಶುಕ್ರ ಯೋಜನೆಗಳು ತಡವಾದವು. 2025ರಲ್ಲಿ ಅಮೆರಿಕದ ಬಜೆಟ್ ಪ್ರಸ್ತಾವದಲ್ಲಿ ಎರಡನ್ನೂ ಕೈಬಿಡುವ ಮಾತೇ ಬಂತು. ಯುರೋಪಿನ ಎನ್‌ವಿಷನ್ ಹೊರಡುವುದು 2030ರ ದಶಕದ ಆರಂಭದಲ್ಲಿ.

ಇಸ್ರೋದ ಶುಕ್ರಯಾನಕ್ಕೆ ತೂಕ ಬರುವುದು ಇಲ್ಲಿ. ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 1,236 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಹಾರಿಸುವ ಗುರಿ 2028ರ ಮಾರ್ಚ್. ಅದರ ಮುಖ್ಯ ಉಪಕರಣ ಎಸ್-ಬ್ಯಾಂಡ್ ಎಂಬ ತರಂಗದಲ್ಲಿ ನೋಡುವ ರಾಡಾರ್. ಮ್ಯಾಗೆಲನ್ನದೂ ಎಸ್-ಬ್ಯಾಂಡೇ. ಬೇರೆ ತರಂಗದಲ್ಲಿ ನೋಡಿದರೆ ಅದೇ ಲಾವಾ ಬೇರೆ ಥರ ಕಾಣುತ್ತದೆ, ಹೋಲಿಕೆ ಕಗ್ಗಂಟಾಗುತ್ತದೆ. ಇಲ್ಲಿ ಆ ತೊಡಕು ಕಡಿಮೆ. 1990ರ ಚಿತ್ರದ ಪಕ್ಕಕ್ಕೆ 2028ರ ಚಿತ್ರ ಇಟ್ಟರೆ, ನಡುವಿನ 38 ವರ್ಷದಲ್ಲಿ ಎಲ್ಲೆಲ್ಲಿ ನೆಲ ಬದಲಾಗಿದೆ ಎಂದು ಸಾಕಷ್ಟು ನೇರವಾಗಿ ನೋಡಬಹುದು.

ಇಲ್ಲಿ ಆಸೆ ಒಂದು, ಲೆಕ್ಕ ಇನ್ನೊಂದು. ಒಂದು ನೌಕೆ ಭೂಮಿಗೆ ಕಳಿಸಬಲ್ಲ ಮಾಹಿತಿಗೆ ಮಿತಿ ಇದೆ. ಇಡೀ ಗ್ರಹವನ್ನು ಒಮ್ಮೆ ಚೆನ್ನಾಗಿ ಚಿತ್ರಿಸಬೇಕೋ, ಆರಿಸಿದ ಕೆಲವು ಬೆಟ್ಟಗಳನ್ನು ತಿಂಗಳು ಬಿಟ್ಟು ತಿಂಗಳು ಚಿತ್ರಿಸಬೇಕೋ ಎಂದು ಯಾರೋ ಕೂತು ತೀರ್ಮಾನಿಸಬೇಕಾಗುತ್ತದೆ. ಪೂರ್ತಿ ನಕ್ಷೆ ನೋಡಲು ಚೆಂದ, ಪತ್ರಿಕೆಗೂ ಒಳ್ಳೆಯ ಚಿತ್ರ ಸಿಗುತ್ತದೆ. ನನ್ನ ಓಟು ಎರಡನೆಯದಕ್ಕೆ. ಮಾಟ್ ಮಾನ್ಸ್ ಮತ್ತು 2024ರಲ್ಲಿ ಗುರುತಾದ ಆ ಎರಡು ಜಾಗಗಳ ಮೇಲೆ, ಸಾಧ್ಯವಾದಷ್ಟು ಅದೇ ಕೋನದಿಂದ, ಮತ್ತೆ ಮತ್ತೆ ಹಾದುಹೋಗಬೇಕು. ದಿನಾಂಕವೂ ಅಷ್ಟೇ ಮುಖ್ಯ. ಶುಕ್ರನಿಗೆ ಹೊರಡಲು ಅನುಕೂಲದ ಹೊತ್ತು ಬರುವುದು 19 ತಿಂಗಳಿಗೊಮ್ಮೆ. 2028ರದ್ದು ತಪ್ಪಿ, ಇನ್ನೊಂದು ಒಳ್ಳೆಯ ಅವಕಾಶವೆಂದು ಇಸ್ರೋ ಹಿಂದೆ ಹೇಳಿದ್ದ 2031ಕ್ಕೆ ಹೋದರೆ, ಉಳಿದವರ ನೌಕೆಗಳೂ ಹೊರಡುವ ಹೊತ್ತಿಗೇ ನಮ್ಮದೂ ಹೊರಡುತ್ತದೆ. ಅಲ್ಲಿಯವರೆಗೆ ಶುಕ್ರನಲ್ಲಿ ಏನು ಸಿಡಿದರೂ ನೋಡುವವರಿಲ್ಲ.